ತುಕ್ಕು ಹಿಡಿದ ಹಳೆಯ ಚಾಕು: ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ಹಳೆಯ ಪೆಟ್ಟಿಗೆಯೊಂದರಲ್ಲಿ ಮಡಚುವ ಚಾಕು ಸಿಕ್ಕಿದೆ. ಅಲಗೆಲ್ಲ ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಕಪ್ಪು ಕಲೆಗಳಿವೆ. ಚೆನ್ನಾಗಿ ಉಜ್ಜಿ, ಪಾಲಿಶ್ ಹಾಕಿ ಹೊಸದರ ಹಾಗೆ ಮಾಡಬೇಕು ಅಂತ ಆಸೆ. ಆದರೆ ಹಾಗೆ ಮಾಡಿದರೆ ಬೆಲೆಯೇ ಹೋಗುತ್ತೆ ಅಂತ ಒಬ್ಬರು ಹೆದರಿಸಿದ್ದಾರೆ. ನಿಜವೇ?

ಉತ್ತರ: ಹೆದರಿಸಿದವರು ಹೇಳಿದ್ದು ಬಹುಮಟ್ಟಿಗೆ ನಿಜ. ಹಾಗಂತ ಚಾಕುವನ್ನು ಮುಟ್ಟಲೇಬಾರದು ಅಂತೇನಿಲ್ಲ. ಕೆಂಪು ತುಕ್ಕು ತೆಗೆಯಿರಿ, ಕಪ್ಪು ಬಣ್ಣ ಬಿಡಿ. ಹಳೆಯ ಅಲಗುಗಳ ವಿಷಯದಲ್ಲಿ ನಾನು ಹೇಳುವುದು ಇಷ್ಟೇ. ಆದರೆ ಇದನ್ನು ಮಾಡುವಾಗಲೇ ಜಾಸ್ತಿ ಜನ ಚಾಕು ಹಾಳು ಮಾಡಿಕೊಳ್ಳುವುದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೆಂಪು, ಕಪ್ಪು ಎರಡೂ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಆಗುವಂಥವೇ. ಆದರೆ ಗುಣ ಬೇರೆ ಬೇರೆ. ಕೆಂಪು ತುಕ್ಕಿನಲ್ಲಿ ನೀರಿನ ಅಂಶ ಇರುತ್ತದೆ. ಅದು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಹಾಗಾಗಿ ಉಬ್ಬಿ, ಬಿರುಕು ಬಿಟ್ಟು, ಪುಡಿಪುಡಿಯಾಗಿ ಉದುರುತ್ತದೆ. ಆ ಪುಡಿ ತೇವವನ್ನು ಹಿಡಿದಿಟ್ಟುಕೊಂಡು ಕೆಳಗಿನ ಉಕ್ಕನ್ನು ಮತ್ತೆ ತಿನ್ನುತ್ತದೆ. ಕಪ್ಪು ಅಥವಾ ಬೂದು ಬಣ್ಣದ ಪೊರೆ ಹಾಗಲ್ಲ. ಅದು ಉಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಉದುರುವುದಿಲ್ಲ, ತುಕ್ಕಿಗೆ ಸ್ವಲ್ಪ ತಡೆಯೂ ಆಗುತ್ತದೆ. ವರ್ಷಗಟ್ಟಲೆ ಕೈಯ ಬೆವರು, ಹುಳಿ ಹಣ್ಣಿನ ರಸ, ಎಣ್ಣೆ ಎಲ್ಲ ತಾಗಿ ಬಂದ ಬಣ್ಣ ಅದು. ಸಂಗ್ರಹಕಾರರು ಇದನ್ನು ಪಟೀನಾ ಅನ್ನುತ್ತಾರೆ. ಚಾಕು ನಿಜವಾಗಿಯೂ ಹಳೆಯದು ಅನ್ನುವುದಕ್ಕೆ ಇದೂ ಒಂದು ಸಾಕ್ಷಿ. ಉಜ್ಜಿ ತೆಗೆದರೆ ಸಾಕ್ಷಿ ಹೋಯಿತು. ಅದನ್ನು ವಾಪಸ್ ತರಲು ಆಗುವುದಿಲ್ಲ.

ಯಾವುದು ಕೆಂಪು, ಯಾವುದು ಕಪ್ಪು ಅಂತ ಕಣ್ಣಿಗೆ ತಿಳಿಯದಿದ್ದರೆ ಒಂದು ಬಿಳಿ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಅಲಗನ್ನು ಒರೆಸಿ ನೋಡಿ. ಬಟ್ಟೆಗೆ ಇಟ್ಟಿಗೆ ಬಣ್ಣ ಹತ್ತಿದರೆ ಅದು ಇನ್ನೂ ಜೀವ ಇರುವ ತುಕ್ಕು. ಬಣ್ಣ ಹತ್ತದೆ ಕಲೆ ಹಾಗೇ ನಿಂತರೆ ಅದರ ತಂಟೆಗೆ ಹೋಗಬೇಡಿ.

ಕೈ ಹಾಕುವ ಮೊದಲು ಒಂದು ಕೆಲಸ ಇದೆ. ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಅಲಗಿನ ಬುಡ ನೋಡಿ. ಹಿಡಿ ಮುಗಿದು ಅಲಗು ಶುರುವಾಗುವ ಆ ಅರ್ಧ ಇಂಚಿನಲ್ಲೇ ತಯಾರಕರ ಮುದ್ರೆ ಇರುವುದು. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ಸವೆದ ಅಕ್ಷರಗಳೂ ನೆರಳು ಬಿಟ್ಟು ಎದ್ದು ಕಾಣುತ್ತವೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಈ ಮುದ್ರೆಗಳೇ ಚಾಕುವಿನ ಜಾತಕ. ದೇಶದ ಹೆಸರು ಕೊರೆದಿದ್ದರೆ ಅದು ಹೆಚ್ಚಾಗಿ 1890ರ ನಂತರದ್ದು. ಆ ವರ್ಷ ಬಂದ ಅಮೆರಿಕದ ಸುಂಕದ ಕಾನೂನು, ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂದಿತು. ಇಂಗ್ಲೆಂಡಿನ ಶೆಫೀಲ್ಡ್‌ನ ಅಲಗುಗಳ ಮೇಲೆ ಕಿರೀಟದ ಎರಡು ಬದಿಗೆ ವಿ, ಆರ್ ಅಕ್ಷರ ಕಂಡರೆ ಅದು ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರ ನಡುವಿನ ಗುರುತು. ಚಾಕುಗಳಿಗೇ ಹೆಸರಾದ ಜರ್ಮನಿಯ ಊರು ಸೋಲಿಂಗೆನ್‌ನ ಹೆಸರಿಗೆ 1938ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಅಮೆರಿಕದ ಚಾಕು ತಯಾರಕರಾದ ಕೇಸ್ ಕಂಪನಿಯ ಪದ್ಧತಿ ಇನ್ನೂ ಮಜವಾಗಿದೆ. 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕಿ ಹಾಕಿದರು, ಆಮೇಲೆ ವರ್ಷಕ್ಕೊಂದು ಚುಕ್ಕಿ ಕಮ್ಮಿ ಮಾಡುತ್ತಾ ಹೋದರು. ಆ ದಶಕದ ಚಾಕುವಿನಲ್ಲಿ ಏಳು ಚುಕ್ಕಿ ಇದ್ದರೆ 1973. ಈಗ ಯೋಚಿಸಿ, ಎಮರಿ ಪೇಪರ್ ಹಿಡಿದು ಉಜ್ಜುವಾಗ ಅದರಲ್ಲೊಂದು ಚುಕ್ಕಿ ಅಳಿಸಿಹೋದರೆ? ಚಾಕುವಿನ ಹುಟ್ಟಿದ ವರ್ಷವೇ ಬದಲಾಯಿತು!

ಜಪಾನಿನ ಕತ್ತಿಗಳಲ್ಲಿ ಈ ವಿಷಯಕ್ಕೆ ಇನ್ನೂ ಜಾಸ್ತಿ ಬೆಲೆ. ಹಿಡಿಯೊಳಗೆ ಹೋಗುವ ಬಾಲಕ್ಕೆ ಅಲ್ಲಿ ನಕಾಗೊ ಅನ್ನುತ್ತಾರೆ. ಅದರ ಮೇಲಿನ ತುಕ್ಕನ್ನು ತೆಗೆಯುವ ಮಾತೇ ಇಲ್ಲ. ಅದರ ಬಣ್ಣ, ದಪ್ಪ ನೋಡಿ ಬಲ್ಲವರು ಕತ್ತಿಯ ಕಾಲ ಅಂದಾಜು ಮಾಡುತ್ತಾರೆ. ನಿಮಗೆ ಸಿಕ್ಕಿದ್ದು ಅಂಥ ಕತ್ತಿಯಾಗಿದ್ದರೆ ಈ ಬರಹ ಇಲ್ಲಿಗೇ ನಿಲ್ಲಿಸಿ. ತೆಳ್ಳಗೆ ಎಣ್ಣೆ ಸವರಿಟ್ಟು, ತಿಳಿದವರಿಗೆ ತೋರಿಸಿ.

ಮುಂದೆ, ಉಕ್ಕು ಯಾವುದು? ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಸ್ಟೇನ್‌ಲೆಸ್ ಉಕ್ಕು ಮಾಡಿದ್ದು 1913ರಲ್ಲಿ. ಅದಕ್ಕೂ ಹಿಂದಿನ ಅಲಗುಗಳು ಕಾರ್ಬನ್ ಉಕ್ಕಿನವು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 10.5 ಶೇಕಡಾಕ್ಕಿಂತ ಕಮ್ಮಿ ಇರಬಾರದು. ನಿಮ್ಮ ಅಲಗು ಇಡಿಯಾಗಿ ಕಂದು, ಕಪ್ಪು ಆಗಿದೆ ಅಂದಮೇಲೆ ಅದು ಕಾರ್ಬನ್ ಉಕ್ಕೇ ಇರಬೇಕು. ಬೇಜಾರು ಬೇಡ. ಬೇಗ ತುಕ್ಕು ಹಿಡಿಯುತ್ತದೆ ಅನ್ನುವುದು ಬಿಟ್ಟರೆ ಅದು ಒಳ್ಳೆಯ ಉಕ್ಕು. ಸಾಣೆಗೆ ಸುಲಭವಾಗಿ ಬಗ್ಗುತ್ತದೆ, ಚೆನ್ನಾಗಿ ಹರಿತ ಹಿಡಿಯುತ್ತದೆ.

ಈಗ ತುಕ್ಕು ತೆಗೆಯುವ ಕೆಲಸ. ಮೊದಲು ಅಲಗಿನ ಬಾಯಿಗೆ, ಅಂದರೆ ಕೊಯ್ಯುವ ಅಂಚಿಗೆ, ಉದ್ದಕ್ಕೂ ದಪ್ಪ ಟೇಪ್ ಅಂಟಿಸಿ. ಮೊಂಡಾಗಿದೆ ಅಂತ ಸದರ ಕೊಡಬೇಡಿ. ಎಣ್ಣೆಯ ಕೈಯಲ್ಲಿ ಜಾರಿದಾಗ ಮೊಂಡು ಚಾಕುವೂ ಕೊಯ್ಯುತ್ತದೆ. ಅಲಗಿಗೆಲ್ಲ ತೆಳುವಾದ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ತಾಮ್ರ ಅಥವಾ ಹಿತ್ತಾಳೆಯ ಚೂರಿನ ಅಂಚಿನಿಂದ ಕೆಂಪು ಗುಳ್ಳೆಗಳನ್ನು ಮೆಲ್ಲಗೆ ಕೆರೆಯಿರಿ. ತಾಮ್ರ ತುಕ್ಕನ್ನು ಎಬ್ಬಿಸುತ್ತದೆ. ಆದರೆ ಅದು ಹದ ಮಾಡಿದ ಉಕ್ಕಿಗಿಂತ ಮೆತ್ತಗೆ. ಹಾಗಾಗಿ ಗೀರು ಬೀಳುವುದಿಲ್ಲ. ನಾಣ್ಯ ಬಳಸುವುದಾದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ತಾಮ್ರದ ಬಣ್ಣದ ಎಷ್ಟೋ ನಾಣ್ಯಗಳ ಒಳಗೆ ಇರುವುದು ಉಕ್ಕು.

ಕೆರೆಯುವಾಗ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೊದಮೊದಲು ಮರಳಿನ ಮೇಲೆ ಎಳೆದ ಹಾಗೆ ಗರಗರ ಅನ್ನುತ್ತದೆ. ಎಣ್ಣೆ ಕಂದು ಕೆಸರಾಗುತ್ತದೆ. ಅದನ್ನು ಒರೆಸಿ, ಹೊಸ ಎಣ್ಣೆ ಹಾಕಿ, ಮತ್ತೆ ಕೆರೆಯಿರಿ. ಸ್ವಲ್ಪ ಹೊತ್ತಿಗೆ ಗರಗರ ನಿಂತು ಚೂರು ನುಣ್ಣಗೆ ಜಾರಲು ಶುರುವಾಗುತ್ತದೆ. ಅಲ್ಲಿಗೆ ಆ ಜಾಗದ ಕೆಲಸ ಆಯಿತು. ಉಳಿದ ತೆಳು ಕೆಂಪಿಗೆ ನಾಲ್ಕು ಸೊನ್ನೆ ಗುರುತಿನ ಅತಿ ನವಿರಾದ ಉಕ್ಕಿನ ಉಣ್ಣೆ (ಸ್ಟೀಲ್ ವುಲ್) ಸಾಕು, ಅದೂ ಎಣ್ಣೆಯ ಜೊತೆ, ಅಲಗಿನ ಉದ್ದಕ್ಕೆ ಮಾತ್ರ. ಅಡ್ಡಡ್ಡ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಮುದ್ರೆಯ ಅಕ್ಷರಗಳೊಳಗೆ ಕೂತ ತುಕ್ಕಿಗೆ ಹಲ್ಲುಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಚುಚ್ಚಿ ತೆಗೆಯಿರಿ. ನಿಧಾನದ ಕೆಲಸ, ನಿಜ. ನನಗಂತೂ ಇಡೀ ಕೆಲಸದಲ್ಲಿ ಇದೇ ಖುಷಿಯ ಭಾಗ.

ತುಕ್ಕು ಹೋದ ಮೇಲೆ ಸಣ್ಣ ಸಣ್ಣ ಕುಳಿಗಳು ಉಳಿಯುತ್ತವೆ. ಇಲ್ಲೇ ಎಲ್ಲರಿಗೂ ಕೈ ತುರಿಸುವುದು. ಒಂದು ಕುಳಿಯನ್ನು ಕಾಣದ ಹಾಗೆ ಮಾಡಬೇಕಾದರೆ ಅದರ ತಳದ ಮಟ್ಟಕ್ಕೆ ಸುತ್ತಲಿನ ಉಕ್ಕನ್ನೆಲ್ಲ ತೆಗೆಯಬೇಕು. ಅಂದರೆ ಅಲಗು ತೆಳ್ಳಗಾಗುತ್ತದೆ, ಮುದ್ರೆ ಅಳಿಯುತ್ತದೆ, ಮೂಲದ ಗೆರೆಗಳೆಲ್ಲ ದುಂಡಗಾಗುತ್ತವೆ. ಹೊಳೆಯುವ, ಆದರೆ ಮುಖವೇ ಇಲ್ಲದ ಚಾಕು ಸಿಗುತ್ತದೆ. ಕುಳಿಗಳು ಇದ್ದರೆ ಇರಲಿ ಬಿಡಿ.

ವಿನೆಗರ್‌ನಲ್ಲಿ ಮುಳುಗಿಸಿದರೆ ಸುಲಭ ಅಲ್ವಾ ಅಂತ ಕೇಳುವವರು ತುಂಬಾ ಜನ. ತುಕ್ಕು ಹೋಗುತ್ತದೆ, ಅನುಮಾನ ಬೇಡ. ಆದರೆ ಆಮ್ಲಕ್ಕೆ ತುಕ್ಕು ಯಾವುದು, ಪಟೀನಾ ಯಾವುದು, ಒಳ್ಳೆಯ ಉಕ್ಕು ಯಾವುದು ಅನ್ನುವ ಭೇದ ಇಲ್ಲ. ಎಲ್ಲವನ್ನೂ ತಿಂದು ಅಲಗನ್ನು ಮಂಕಾದ ಬೂದು ಬಣ್ಣಕ್ಕೆ ತರುತ್ತದೆ. ಮಡಚುವ ಚಾಕುವಿನಲ್ಲಿ ಕೀಲಿನೊಳಗೆ, ಸ್ಪ್ರಿಂಗ್ ಸಂದಿಯೊಳಗೆ ಹೋಗಿ ಕೂತರೆ ತೊಳೆಯುವುದೂ ಕಷ್ಟ. ಹಾಗಾಗಿ ಇಡೀ ಚಾಕುವನ್ನು ಮುಳುಗಿಸುವುದು ಬೇಡವೇ ಬೇಡ. ಹಿಡಿ ಇಲ್ಲದ ಬರೀ ಅಲಗು, ಸಂಗ್ರಹದ ಬೆಲೆ ಇಲ್ಲದ್ದು, ತುಂಬಾ ತುಕ್ಕು ಹಿಡಿದದ್ದು ಇದ್ದರೆ ಮುಳುಗಿಸಿ. ಆಗಾಗ ತೆಗೆದು ನೋಡಿ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಹಾಗೇ ಬಿಟ್ಟರೆ ಕಣ್ಣೆದುರಲ್ಲೇ ಮತ್ತೆ ಕೆಂಪಾಗುತ್ತದೆ.

ಇನ್ನು ಯಂತ್ರ. ಬೆಂಚ್ ಗ್ರೈಂಡರ್‌ಗೆ, ಅಂದರೆ ಕರೆಂಟಿನಲ್ಲಿ ತಿರುಗುವ ಸಾಣೆ ಚಕ್ರಕ್ಕೆ, ಅಲಗು ಕೊಡಬೇಡಿ. ಮಾಮೂಲಿ ಕಾರ್ಬನ್ ಉಕ್ಕಿನ ಅಲಗಿಗೆ ಹದ ಕೊಡುವುದು (ಗಡಸು ಮಾಡಿದ ಉಕ್ಕು ಮುರಿಯದ ಹಾಗೆ ಮತ್ತೆ ಕಾಯಿಸುವುದು) ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಗ್ರೈಂಡರ್ ತಿರುಗುವಾಗ ತೆಳ್ಳನೆಯ ಬಾಯಿ ಕ್ಷಣದಲ್ಲಿ ಅದನ್ನು ದಾಟಿಬಿಡುತ್ತದೆ. ಬಾಯಿಯ ಮೇಲೆ ನೀಲಿ ಬಣ್ಣ ಮೂಡಿದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಅರ್ಥ. ಅಲ್ಲಿ ಹದ ಕೆಟ್ಟಿತು, ಉಕ್ಕು ಮೆತ್ತಗಾಯಿತು. ಆಮೇಲೆ ನೀರಿನಲ್ಲಿ ಅದ್ದಿದರೂ ಹದ ವಾಪಸ್ ಬರುವುದಿಲ್ಲ. ಬಫಿಂಗ್ ಚಕ್ರದ್ದು ಬೇರೆಯೇ ಅಪಾಯ. ಬಟ್ಟೆಯ ಚಕ್ರ ನೋಡಲು ಸಾಧು. ಆದರೆ ಅಲಗಿನ ಬಾಯಿಯೋ ಮೊನೆಯೋ ಸಿಕ್ಕಿಕೊಂಡರೆ ಕೈಯಿಂದ ಚಾಕುವನ್ನು ಕಿತ್ತು ಎಸೆಯುತ್ತದೆ. ಚಾಕು ಮಾಡುವವರೇ ಅದಕ್ಕೆ ಹೆದರುತ್ತಾರೆ.

ಹಿಡಿಯ ಬಗ್ಗೆ ನೀವು ಕೇಳಲಿಲ್ಲ. ಆದರೆ ಮುಖ್ಯವಾದ್ದು ಒಂದಿದೆ. ಮರ, ಮೂಳೆ, ಕೊಂಬು ಯಾವುದೇ ಇರಲಿ, ನೀರಿನಲ್ಲಿ ನೆನೆಸಬಾರದು. ಉಬ್ಬಿ, ಒಣಗುವಾಗ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತುಸು ಮೇಣ ಹಚ್ಚಿದರೆ ಸಾಕು. ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚುವುದಿದ್ದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಹಿಡಿ ಆಮೆಚಿಪ್ಪಿನ ಹಾಗೋ, ಮುತ್ತಿನ ಹಾಗೋ ಬಣ್ಣ ಬಣ್ಣವಾಗಿ ಹೊಳೆಯುವ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಹುಷಾರು. 19ನೇ ಶತಮಾನದ ಕೊನೆಯಿಂದ 20ನೇ ಶತಮಾನದ ಮಧ್ಯದವರೆಗೆ ಇಂಥ ಹಿಡಿಗಳಿಗೆ ಸೆಲ್ಯುಲಾಯ್ಡ್ ಬಳಸುತ್ತಿದ್ದರು. ಬೆರಳಿನಿಂದ ಜೋರಾಗಿ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ ಬರಬಹುದು. ಇದು ವಯಸ್ಸಾದಂತೆ ಕೊಳೆಯುತ್ತಾ ಸಾರಜನಕದ ಆಕ್ಸೈಡ್ ಅನಿಲಗಳನ್ನು ಬಿಡುತ್ತದೆ. ಗಾಳಿಯ ತೇವದ ಜೊತೆ ಸೇರಿ ಅದು ನೈಟ್ರಿಕ್ ಆಮ್ಲವಾಗುತ್ತದೆ. ಆಮೇಲೆ ಆ ಚಾಕು ಮಾತ್ರ ಅಲ್ಲ, ಅದೇ ಡಬ್ಬಿಯಲ್ಲಿರುವ ಅಕ್ಕಪಕ್ಕದ ಚಾಕುಗಳೂ ತುಕ್ಕು ಹಿಡಿಯುತ್ತವೆ. ಸಂಗ್ರಹದಲ್ಲಿ ಒಂದು ಮೂಲೆಯ ಚಾಕುಗಳು ಮಾತ್ರ ಕಾರಣವಿಲ್ಲದೆ ಹಾಳಾಗುತ್ತಿದ್ದರೆ ಮೊದಲು ಇದನ್ನೇ ಹುಡುಕಿ. ಅಂಥದ್ದನ್ನು ಬೇರೆ ಇಡಿ, ಗಾಳಿಯಾಡುವ ಕಡೆ ಇಡಿ. ಬೆಂಕಿಗೆ ಇದು ಬಲು ಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಸಾಹಸ ಬೇಡ.

ಕೀಲು ಬಿಗಿಯಾಗಿದ್ದರೆ ಬಲ ಹಾಕಬೇಡಿ. ಒಂದೆರಡು ಹನಿ ಎಣ್ಣೆ ಬಿಟ್ಟು ಕಾಯಿರಿ. ಸ್ವಲ್ಪ ತೆರೆಯಿರಿ, ಮುಚ್ಚಿ, ಹೊರಬಂದ ಕಪ್ಪು ಕೊಳೆ ಒರೆಸಿ. ಎಣ್ಣೆ ಶುಭ್ರವಾಗಿ ಬರುವವರೆಗೆ ಹೀಗೇ ಮಾಡಿ. ಹಳೆಯ ಚಾಕುಗಳಲ್ಲಿ ಸ್ಕ್ರೂ ಇರುವುದಿಲ್ಲ, ರಿವೆಟ್ ಹೊಡೆದಿರುತ್ತಾರೆ. ಬಿಚ್ಚಿದರೆ ಮತ್ತೆ ಮೊದಲಿನಂತೆ ಜೋಡಿಸುವುದು ಪಳಗಿದ ಕೈಗೇ ಕಷ್ಟ.

ಸಾಣೆ ಹಿಡಿಯುವುದು ನಿಮ್ಮಿಷ್ಟ. ಹಳೆಯ ಅಂಚು ಹಾಗೇ ಇದ್ದು, ಚಾಕು ಸುಮ್ನೆ ಇಡುವುದಕ್ಕೆ ಅಂದರೆ ಬೇಡ. ಬಳಸುವುದಿದ್ದರೆ ಕಲ್ಲಿನ ಮೇಲೆ, ಕೈಯಲ್ಲೇ, ಬದಿಗೆ 15ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಕಲ್ಲಿನ ಮೇಲಿನ ಅಂಕಿ (ಗ್ರಿಟ್) ಹೆಚ್ಚಾದಷ್ಟೂ ಕಲ್ಲು ನುಣುಪು. 1000ದ ಕಲ್ಲಿನಿಂದ ಶುರು ಮಾಡಿದರೆ ಸಾಕು. ಬಾಯಿ ತೀರಾ ಮುಕ್ಕಾಗಿದ್ದರೆ ಮಾತ್ರ 400.

ಕೊನೆಯದು ಇಡುವ ಜಾಗ. ಒಳ್ಳೆಯ ಅಲಗನ್ನು ಜಾಸ್ತಿ ಹಾಳು ಮಾಡುವುದು ಚರ್ಮದ ಒರೆ. ಚರ್ಮ ತೇವ ಹಿಡಿಯುತ್ತದೆ, ಅದನ್ನು ಹದ ಮಾಡಿದ ಆಮ್ಲಗಳೂ ಅದರೊಳಗೆ ಉಳಿದಿರುತ್ತವೆ. ಹಿತ್ತಾಳೆಗೆ ತಾಗಿದರೆ ಹಸಿರು ಕಿಲುಬು ಬರುತ್ತದೆ. ಒರೆಯನ್ನು ಬೇರೆ, ಚಾಕುವನ್ನು ಬೇರೆ ಇಡಿ. ಅಲಗಿಗೆ ಮಿನರಲ್ ಆಯಿಲ್‌ನ ತೆಳು ಲೇಪ ಸಾಕು. ಬಹಳ ದಿನ ಮುಟ್ಟುವುದಿಲ್ಲ ಅಂದರೆ ಮೈಕ್ರೋಕ್ರಿಸ್ಟಲೈನ್ ಮೇಣ ಒಳ್ಳೆಯದು. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರೆನೆಸಾನ್ಸ್ ವ್ಯಾಕ್ಸ್ ಈ ಜಾತಿಯದು. ಡಬ್ಬಿಯಲ್ಲಿ ಬರುವ ಸ್ಪ್ರೇ ಡಬ್ಲ್ಯೂಡಿ-40 ಬಗ್ಗೆಯೂ ಕೇಳುತ್ತಾರೆ. ಡಬ್ಲ್ಯೂಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್. ಹೆಸರೇ ಹೇಳುವಂತೆ ಅದು 1953ರಲ್ಲಿ ನೀರನ್ನು ಓಡಿಸಲು ಮಾಡಿದ್ದು. ತೊಳೆದ ಮೇಲೆ ತೇವ ಓಡಿಸಲು ಬಳಸಿ, ವರ್ಷಗಟ್ಟಲೆ ಕಾಯಲು ಅದನ್ನೇ ನಂಬಬೇಡಿ.

ಎಣ್ಣೆ ಹಚ್ಚಿದ ಮೇಲೆ ಬರಿಗೈಯಲ್ಲಿ ಅಲಗು ಮುಟ್ಟಬೇಡಿ. ಬೆವರಿನ ಉಪ್ಪಿಗೆ ಒಂದು ಬೆರಳಚ್ಚು ಸಾಕು, ಕೆಲವು ದಿನಗಳಲ್ಲಿ ಅದೇ ಆಕಾರದ ಕೆಂಪು ಕಲೆ ಎದ್ದಿರುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ತೆಗೆದು ನೋಡಿ. ಕುಳಿಗಳ ಒಳಗೆ ಉಳಿದ ತುಕ್ಕು ಮತ್ತೆ ತಲೆ ಎತ್ತುವುದು ಆಗಲೇ. ಕಂಡರೆ ಹಲ್ಲುಕಡ್ಡಿ, ಎಣ್ಣೆ ಹಿಡಿದು ಮತ್ತೆ ಅಷ್ಟು ಜಾಗಕ್ಕೆ ಮಾತ್ರ ಕೆಲಸ ಮಾಡಿ.