ಬೆಳೆದ ಮೇಲೆ ಕರಗಿಹೋಗುವ ಹಂದರ

ಚಿತ್ರದುರ್ಗದ ಕೋಟೆಗೆ ಹೋಗಿಬಂದವರನ್ನು ಕೇಳಿ. ಮಂಡಿನೋವು ಇರುವವರು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅನ್ನುತ್ತಾರೆ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟಿಗೂ ಜಾಸ್ತಿ ಭಾರ ಬೀಳುತ್ತದೆ. ಅದನ್ನು ತಡೆದುಕೊಳ್ಳುವುದು ಮೂಳೆಯ ತುದಿಗೆ ಅಂಟಿಕೊಂಡ, ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಪದರ. ಅದೇ ಕಾರ್ಟಿಲೇಜ್.

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಈ ಪದರ ಹಾಗಲ್ಲ. ಇದರೊಳಗೆ ರಕ್ತನಾಳವೇ ಇಲ್ಲ, ಜೀವಕೋಶಗಳೂ ತೀರಾ ಕಡಿಮೆ. ರಿಪೇರಿಗೆ ಬೇಕಾದದ್ದು ಬರುವ ದಾರಿಯೇ ಇಲ್ಲ.

ಹಾಗಾದರೆ ಹೊರಗೆ ಬೆಳೆಸಿ ತಂದು ಕೂರಿಸಬಹುದಲ್ವಾ? ಸ್ವೀಡನ್ನಿನ ವೈದ್ಯರು ರೋಗಿಗಳದೇ ಕಾರ್ಟಿಲೇಜ್ ಕೋಶಗಳನ್ನು ಲ್ಯಾಬಿನಲ್ಲಿ ಹೆಚ್ಚಿಸಿ, ಮತ್ತೆ ಅವರದೇ ಮಂಡಿಗೆ ಸೇರಿಸಿದರು. 23 ರೋಗಿಗಳ ವರದಿ 1994ರಲ್ಲಿ ಪ್ರಕಟವಾಯಿತು. ಆದರೆ ಕೋಶಗಳ ಸಂಖ್ಯೆ ಹೆಚ್ಚಿಸುವುದಲ್ಲ ದೊಡ್ಡ ಕೆಲಸ. ಅವು ತಮ್ಮ ಗುಣ ಬಿಡದಂತೆ ನೋಡಿಕೊಳ್ಳುವುದು. ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದರೆ ಅವು ಹರಡಿಕೊಂಡು, ಗಾಯದ ಕಲೆಯಲ್ಲಿರುವಂಥ ಒರಟು ಕೊಲಾಜನ್ (ನಾರಿನಂಥ ಪ್ರೋಟೀನ್) ಮಾಡತೊಡಗುತ್ತವೆ. ಸುತ್ತಲೂ ಆಸರೆ ಕೊಟ್ಟರೆ ದುಂಡಗಾಗಿ, ಹಳೆಯ ಕೆಲಸಕ್ಕೆ ಮರಳುತ್ತವೆ. ನನಗೆ ಇಡೀ ವಿಷಯದಲ್ಲಿ ತುಂಬಾ ಅಚ್ಚರಿ ಅನ್ನಿಸುವುದು ಇದೇ. ಕೋಶ ಅದೇ, ಇರುವ ಜಾಗ ಬದಲಾದರೆ ಅದು ಮಾಡುವ ಕೆಲಸವೇ ಬದಲಾಗುತ್ತದೆ.

ಆ ಆಸರೆಯೇ ಹಂದರ. ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಗ್ಲೈಕಾಲಿಕ್ ಆಮ್ಲದಂಥ ವಸ್ತುಗಳಿಂದ ಇದನ್ನು ಮಾಡುತ್ತಾರೆ. ಆಪರೇಷನ್ ಆದಮೇಲೆ ತಾನಾಗಿ ಕರಗುವ ಹೊಲಿಗೆ ದಾರವೂ ಇವುಗಳದೇ. ತಾರಸಿಗೆ ಕಟ್ಟುವ ಸೆಂಟ್ರಿಂಗ್ ಇದ್ದಂತೆ: ಬೇಗ ಹೋದರೆ ಮೇಲಿನದು ಕುಸಿಯುತ್ತದೆ. ಇಲ್ಲಿ ಬಿಚ್ಚಲು ಮೇಸ್ತ್ರಿ ಇಲ್ಲ, ಮೈಯೊಳಗಿನ ನೀರೇ ಅದನ್ನು ನಿಧಾನವಾಗಿ ಒಡೆಯಬೇಕು. ಅದಕ್ಕೇ ಕರಗುವ ವೇಗವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಒಮ್ಮೆಲೇ ಕರಗಿದರೆ ಆಮ್ಲ ಸೇರಿಕೊಂಡು ಹೊಸ ಅಂಗಾಂಶಕ್ಕೇ ತೊಂದರೆ.

ಬೆನ್ನ ಮೇಲೆ ಮನುಷ್ಯನ ಕಿವಿ ಹೊತ್ತ ಇಲಿಯ ಫೋಟೊ ನೋಡಿದ್ದೀರಾ? 1997ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವದು. ಕಿವಿಯಾಕಾರದ ಹಂದರದಲ್ಲಿ ಹಸುವಿನ ಕಾರ್ಟಿಲೇಜ್ ಕೋಶ ಬಿತ್ತಿ, ಇಲಿಯ ಚರ್ಮದಡಿ ಇಟ್ಟಿದ್ದರು. ಕಿವಿ ಭಾರ ಹೊರಬೇಕಿಲ್ಲ. ಮಂಡಿ ಹೊರಬೇಕು. ಅದಕ್ಕೇ ಈಗ ಲ್ಯಾಬುಗಳಲ್ಲಿ ಬೆಳೆಯುವ ತುಣುಕನ್ನು ಯಂತ್ರದಿಂದ ಮತ್ತೆ ಮತ್ತೆ ಒತ್ತಿ ಬಿಡುತ್ತಾರೆ. ನಾವು ನಡೆದಾಗ ಮಂಡಿಯಲ್ಲಿ ಆಗುವುದೂ ಹೀಗೇ. ಒತ್ತಡ ಸಿಕ್ಕಾಗ ಕೋಶಗಳು ಗಟ್ಟಿ ಅಂಗಾಂಶ ಕಟ್ಟುತ್ತವೆ.

ರೋಗಿಯ ಕೋಶಗಳನ್ನು ಕೊಲಾಜನ್ ಪೊರೆಯ ಮೇಲೆ ಬೆಳೆಸಿ ಮಂಡಿಗೆ ಹಾಕುವ ಚಿಕಿತ್ಸೆಗೆ ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಪೆಟ್ಟು ಬಿದ್ದು ಒಂದು ಕಡೆ ಪದರ ಕಿತ್ತುಹೋದವರಿಗೆ ಇದು ಸರಿ. ವರ್ಷಗಟ್ಟಲೆ ಶೇಂಗಾ ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ಕಿತ್ತು, ಇಡೀ ಮಂಡಿ ಸವೆದ ಅಜ್ಜಿಗೆ ಇದನ್ನು ಹೇಳಿ ಆಸೆ ಹುಟ್ಟಿಸುವುದು ತಪ್ಪು. ಅಂಥ ಮಂಡಿಯೊಳಗಿನ ಉರಿಯೂತ ಹೊಸದಾಗಿ ಕೂರಿಸಿದ ಪದರವನ್ನೂ ತಿಂದುಹಾಕುತ್ತದೆ.