ಹಳೆಯ ಮೈಸೂರು ಜಾವಾದ ಹೆಡ್‌ಲೈಟ್ ಬದಲಾವಣೆ: ಅಧ್ಯಯನ ಟಿಪ್ಪಣಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ 250 ಸಿಸಿ ಜಾವಾ ಬೈಕುಗಳಲ್ಲಿ ಇಂದಿಗೂ ಓಡುತ್ತಿರುವವುಗಳ ಕುರಿತು ಸಾಮಾನ್ಯವಾಗಿ ಕೇಳಿಬರುವ ದೂರು, ರಾತ್ರಿ ಬೆಳಕು ಸಾಲದು ಎಂಬುದು. ಕೂಡಲೇ ಹೊಸ ಬಲ್ಬನ್ನೋ ಇಡೀ ಹೆಡ್‌ಲೈಟನ್ನೋ ಕೊಳ್ಳುವವರೇ ಹೆಚ್ಚು. ಆದರೆ ಈ ಬೈಕುಗಳ 6 ವೋಲ್ಟ್ ವ್ಯವಸ್ಥೆಯಲ್ಲಿ ಬೆಳಕು ಮಂಕಾಗಲು ಬಲ್ಬಿಗಿಂತ ಅದಕ್ಕೆ ಕರೆಂಟ್ ತಲುಪಿಸುವ ಹಾದಿಯೇ ಕಾರಣವಾಗಿರುವುದು ಹೆಚ್ಚು. ಆದ್ದರಿಂದ ಬದಲಾವಣೆಗೆ ಮೊದಲು ಅಳತೆ ನಡೆಯಬೇಕು.

ಲೆಕ್ಕ ಹೀಗಿದೆ. 35 ವ್ಯಾಟ್ ಬಲ್ಬು 6 ವೋಲ್ಟ್‌ನಲ್ಲಿ ಸುಮಾರು 5.8 ಆಂಪಿಯರ್ ಎಳೆದರೆ, ಅಷ್ಟೇ ವ್ಯಾಟಿನ ಬಲ್ಬು 12 ವೋಲ್ಟ್‌ನಲ್ಲಿ ಅದರ ಅರ್ಧ ಮಾತ್ರ ಎಳೆಯುತ್ತದೆ. ತುಕ್ಕು ಹಿಡಿದ ಸ್ವಿಚ್, ಸಡಿಲವಾದ ಜೋಡಣೆ, ಬಣ್ಣದ ಮೇಲೆ ಕೂತ ಅರ್ತ್ (ಕರೆಂಟ್ ಫ್ರೇಮಿನ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಇವೆಲ್ಲ ಸೇರಿ 0.2 ಓಮ್ ರೋಧವಾಯಿತು ಎಂದಿಟ್ಟುಕೊಳ್ಳಿ. 6 ವೋಲ್ಟ್ ಬೈಕಿನಲ್ಲಿ ಹೆಚ್ಚುಕಡಿಮೆ 1 ವೋಲ್ಟ್ ಹಾದಿಯಲ್ಲೇ ಕಳೆದುಹೋಗುತ್ತದೆ, 12 ವೋಲ್ಟ್ ಬೈಕಿನಲ್ಲಿ ಅರ್ಧ ವೋಲ್ಟ್ ಮಾತ್ರ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, 6ರ ಬದಲು 5 ವೋಲ್ಟ್ ದೊರೆತ ಬಲ್ಬು ಅರ್ಧಕ್ಕಿಂತ ಕೊಂಚವೇ ಹೆಚ್ಚು ಬೆಳಕು ಕೊಡುತ್ತದೆ. ಆರನೇ ಒಂದು ಭಾಗ ವೋಲ್ಟೇಜ್ ಹೋದರೆ ಅರ್ಧದಷ್ಟು ಬೆಳಕೇ ಹೋಗುತ್ತದೆ ಎಂಬುದನ್ನು ಕಲಿಯುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಅಳೆಯುವುದು ಕಷ್ಟವಲ್ಲ. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಜೀವಂತ ತುದಿಗೂ, ಅಂದರೆ ಫ್ರೇಮಿಗೆ ಸೇರದ ತುದಿಗೂ, ಇನ್ನೊಂದನ್ನು ಬಲ್ಬಿನ ತಂತಿ ಸೇರುವ ಜಾಗಕ್ಕೂ ಹಿಡಿದರೆ ಬರುವ ಅಂಕಿಯೇ ಆ ಹಾದಿಯ ನಷ್ಟ. ಅರ್ತ್ ತುದಿಗೂ ಬಲ್ಬಿನ ಲೋಹದ ಬುಡಕ್ಕೂ ಹಿಡಿದರೆ ಅರ್ತಿನ ನಷ್ಟ ತಿಳಿಯುತ್ತದೆ. ಎರಡೂ ಸೇರಿ ಅರ್ಧ ವೋಲ್ಟ್ ಮೀರಿದರೆ ಹೊಸ ಬಲ್ಬು ಕೊಳ್ಳುವುದು ದುಡ್ಡಿಗೆ ದಂಡ. ಹೊಸದಾಗಿ ಬಣ್ಣ ಬಳಿಸಿದ ಬೈಕುಗಳಲ್ಲಿ ಅರ್ತಿನ ನಷ್ಟವೇ ದೊಡ್ಡದಾಗಿರುತ್ತದೆ, ಏಕೆಂದರೆ ಹೆಡ್‌ಲೈಟ್ ಗೂಡು ಫೋರ್ಕಿಗೆ ತಾಗುವ ಜಾಗವನ್ನೂ ಬಣ್ಣ ಮುಚ್ಚಿರುತ್ತದೆ. ಬಲ್ಬ್ ಹೋಲ್ಡರಿನಿಂದ ಬ್ಯಾಟರಿಯ ಅರ್ತ್ ತುದಿಗೆ ಕನಿಷ್ಠ 1.5 ಚದರ ಮಿಲಿಮೀಟರ್ ದಪ್ಪದ ಪ್ರತ್ಯೇಕ ತಂತಿ ಎಳೆಯುವುದು ಇದಕ್ಕೆ ಅಗ್ಗದ ಪರಿಹಾರ.

ಬಿಚ್ಚುವ ಮೊದಲು ಬ್ಯಾಟರಿಯ ತಂತಿ ಕಳಚಬೇಕು. ರಿಮ್ಮಿನ ಕೆಳಗಿನ ಸ್ಕ್ರೂ ಸಡಿಲಿಸಿ, ಗಾಜನ್ನು ಇನ್ನೊಂದು ಕೈಯಲ್ಲಿ ಆನಿಸಿಕೊಂಡು ರಿಮ್ಮನ್ನು ಕೆಳಗಿನಿಂದ ಮುಂದಕ್ಕೆ ಎಳೆದು ಮೇಲಿನ ಕೊಕ್ಕೆಯಿಂದ ಬಿಡಿಸಬೇಕು. ತಂತಿಗಳ ಜಾಗದ ಫೋಟೋ ತೆಗೆದಿಟ್ಟುಕೊಳ್ಳುವುದು ಲೇಸು. ಅರವತ್ತು ವರ್ಷದಲ್ಲಿ ಎಷ್ಟು ಮೆಕ್ಯಾನಿಕ್‌ಗಳ ಕೈ ಬಿದ್ದಿದೆಯೋ, ತಂತಿಯ ಬಣ್ಣವನ್ನು ನಂಬುವಂತಿಲ್ಲ.

ಹೊಸ ಬಲ್ಬಿನಲ್ಲಿ ನೋಡಬೇಕಾದದ್ದು ವೋಲ್ಟ್, ವ್ಯಾಟ್ ಮತ್ತು ಬುಡ. ಈ ಕಾಲದ ಬೈಕುಗಳಲ್ಲಿ ಸಾಮಾನ್ಯವಾದ ಬಿಎ20ಡಿ ಎಂಬುದು 20 ಮಿಲಿಮೀಟರ್ ವ್ಯಾಸದ, ಒತ್ತಿ ತಿರುಗಿಸಿ ಕೂರಿಸುವ ಬುಡ. ಆ ಬುಡದ ಬಲ್ಬು 25/25 ಮತ್ತು 35/35 ವ್ಯಾಟ್‌ಗಳಲ್ಲಿ (ದೂರದ ಬೆಳಕು/ಡಿಮ್) ದೊರೆಯುತ್ತದೆ. ಡೈನಮೋದ ಶಕ್ತಿ 45 ವ್ಯಾಟ್ ಮಾತ್ರ; 35 ವ್ಯಾಟಿನ ಮುಂದೀಪ, ಹಿಂದೀಪ ಮತ್ತು ಎಂಜಿನ್ನಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್ ಸೇರಿದರೆ ಅಷ್ಟೂ ಮುಗಿಯಿತು. ಇನ್ನೂ ಹೆಚ್ಚು ವ್ಯಾಟಿನ ಹ್ಯಾಲೊಜೆನ್ ಹಾಕುವ ಹುಮ್ಮಸ್ಸು ಬ್ಯಾಟರಿಯನ್ನು ದಾರಿಮಧ್ಯೆ ಬರಿದು ಮಾಡುತ್ತದೆ.

ಎರಡು ಫಿಲಮೆಂಟುಗಳಲ್ಲಿ ದೂರದ ಬೆಳಕಿನದು ರಿಫ್ಲೆಕ್ಟರಿನ ನಾಭಿಯಲ್ಲಿ (ಫೋಕಸ್ ಬಿಂದುವಿನಲ್ಲಿ) ಇರುತ್ತದೆ. ಡಿಮ್ ಫಿಲಮೆಂಟ್ ಅದಕ್ಕಿಂತ ಮುಂದಿದ್ದು, ಅದರ ಅಡಿಯಲ್ಲಿ ಪುಟ್ಟ ಲೋಹದ ಬಟ್ಟಲಿರುತ್ತದೆ. ಬಟ್ಟಲು ಕೆಳಮುಖದ ಬೆಳಕನ್ನು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡಿ ಬೆಳಕನ್ನು ರಸ್ತೆಯತ್ತ ಇಳಿಸುತ್ತದೆ. ಬಲ್ಬು ತಲೆಕೆಳಗಾಗಿ ಕೂತರೆ ಡಿಮ್ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎಲ್‌ಇಡಿ ಬಲ್ಬುಗಳಲ್ಲಿ ಬೆಳಕಿನ ಬಿಂದು ಸರಿಯಾಗಿ ಇದೇ ಜಾಗದಲ್ಲಿ ಇಲ್ಲದಿದ್ದರೆ ಕರೆಂಟ್ ಉಳಿದರೂ ಕಿರಣ ಚದರಿಹೋಗುತ್ತದೆ.

ರಿಫ್ಲೆಕ್ಟರಿನ ಒಳಮೈಯನ್ನು ಬಟ್ಟೆಯಿಂದ ಉಜ್ಜಬಾರದು, ಲೇಪ ಎದ್ದುಬರುತ್ತದೆ. ಮಂಕಾಗಿದ್ದರೆ ಮರುಲೇಪವೇ ದಾರಿ. ಗಾಜು ಒಡೆದಿದ್ದು ಯುರೋಪಿನಿಂದ ತರಿಸುವುದಾದರೆ, ಅಲ್ಲಿನ ಬಹುತೇಕ ದೇಶಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ ಎಂಬುದು ನೆನಪಿರಲಿ: ಒಂದು ಬದಿಗೆ ಬೆಳಕು ಎತ್ತುವ ಅಸಮ ವಿನ್ಯಾಸದ ಗಾಜು ನಮ್ಮ ರಸ್ತೆಯಲ್ಲಿ ಎದುರು ಬರುವವರತ್ತಲೇ ಬೆಳಕೆಸೆಯುತ್ತದೆ. ಎರಡೂ ಬದಿ ಸಮವಾಗಿರುವ ಹಳೆಯ ಗಾಜಿಗೆ ಈ ತೊಡಕಿಲ್ಲ.

ಜೋಡಿಸಿದ ಮೇಲೆ ಸಮತಟ್ಟಾದ ನೆಲದಲ್ಲಿ ಗೋಡೆಗೆ 10 ಮೀಟರ್ ದೂರದಲ್ಲಿ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಸವಾರ ಸೀಟಿನ ಮೇಲೆ ಕೂತಿರುವಾಗ ಡಿಮ್ ಬೆಳಕಿನ ಮೇಲಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಬೇಕು. ಸವಾರನಿಲ್ಲದೆ ಹೊಂದಿಸಿದರೆ, ಅವನು ಕೂತೊಡನೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ ಕಿರಣ ಮೇಲೇಳುತ್ತದೆ.