ಒಂದು ವಾರ ಬೆವರು, ಇನ್ನೊಂದು ವಾರ ಏದುಸಿರು: ಬೊಲಿವಿಯಾದ ಫುಟ್‌ಬಾಲ್ ಲೀಗ್

ಬೊಲಿವಿಯಾದ ಸಾಂತಾ ಕ್ರೂಸ್ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ. ಅಲ್ಲಿ ವಿಮಾನ ಹತ್ತಿ ಒಂದು ಗಂಟೆ ಕೂತರೆ ಎಲ್ ಆಲ್ಟೊದಲ್ಲಿ ಇಳಿಯಬಹುದು. ಎಲ್ ಆಲ್ಟೊದ ಎತ್ತರ 4,000 ಮೀಟರಿಗೂ ಜಾಸ್ತಿ. ಎರಡೂ ಊರಿನ ತಂಡಗಳು ಆಡುವುದು ಒಂದೇ ಲೀಗಿನಲ್ಲಿ. ಅಂದರೆ ಸಾಂತಾ ಕ್ರೂಸಿನ ಹುಡುಗರು ಬೆಳಿಗ್ಗೆ ಸೆಕೆಯಲ್ಲಿ ಬೆವರು ಒರೆಸಿಕೊಂಡು ಮನೆ ಬಿಟ್ಟು, ಅದೇ ದಿನ ಮಧ್ಯಾಹ್ನ, ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಮುಟ್ಟದಷ್ಟು ಎತ್ತರದಲ್ಲಿ ತೊಂಬತ್ತು ನಿಮಿಷ ಓಡಬೇಕು.

ಬೇರೆ ದೇಶದ ಲೀಗುಗಳಲ್ಲಿ ಎದುರಾಳಿ ಬದಲಾಗುತ್ತಾನೆ, ಪ್ರೇಕ್ಷಕರು ಬದಲಾಗುತ್ತಾರೆ. ಇಲ್ಲಿ ಗಾಳಿಯೇ ಬದಲಾಗುತ್ತೆ.

ತಂಡಗಳ ಹೆಸರು ಕೇಳಿದರೆ ನಗು ಬರುತ್ತೆ. ಲಾ ಪಾಸ್‌ನಲ್ಲಿ ಬೊಲಿವಾರ್ ಜೊತೆಗೆ ದಿ ಸ್ಟ್ರಾಂಗೆಸ್ಟ್, ಎಲ್ ಆಲ್ಟೊದಲ್ಲಿ ಆಲ್ವೇಸ್ ರೆಡಿ, ಸಾಂತಾ ಕ್ರೂಸ್‌ನಲ್ಲಿ ಬ್ಲೂಮಿಂಗ್. ಬೊಲಿವಾರ್ ಬಿಟ್ಟರೆ ಉಳಿದವೆಲ್ಲ, ಸ್ಪ್ಯಾನಿಷ್ ಮಾತಾಡುವ ದೇಶದ ಕ್ಲಬ್ಬುಗಳಿಗೆ ಅಪ್ಪಟ ಇಂಗ್ಲಿಷ್ ಹೆಸರು! ಊರುಗಳ ಎತ್ತರ ಮಾತ್ರ ನಗುವ ವಿಷಯವಲ್ಲ. ಲಾ ಪಾಸ್ ಕ್ರೀಡಾಂಗಣ ಸುಮಾರು 3,600 ಮೀಟರ್, ಒರುರೊ 3,700, ಪೊಟೊಸಿ 3,900ರ ಹತ್ತಿರ. ಸುಕ್ರೆ 2,800, ಕೋಚಬಾಂಬಾ 2,550, ಇವು ನಡುಮನೆಯವರು.

ಲೇಹ್‌ಗೆ ಹೋಗಿ ಬಂದವರಿಗೆ ಇದು ಬೇಗ ಅರ್ಥವಾಗುತ್ತೆ, ಯಾಕಂದ್ರೆ ಲಾ ಪಾಸ್‌ನ ಎತ್ತರ ಹೆಚ್ಚುಕಡಿಮೆ ಲೇಹ್‌ನದ್ದೇ. ನಾನು ಲೇಹ್‌ನಲ್ಲಿ ಮೊದಲ ದಿನ ಹೋಟೆಲಿನ ಎರಡನೇ ಮಹಡಿಗೆ ಹತ್ತಿ, ರೂಮಿನ ಬೀಗ ತೆಗೆಯುವ ಮೊದಲು ಗೋಡೆಗೆ ಒರಗಿ ನಿಂತಿದ್ದೆ. ಕೈಯಲ್ಲಿ ಇದ್ದದ್ದು ಒಂದು ನೀರಿನ ಬಾಟಲಿ, ಅಷ್ಟೇ.

ಮೇಲೆ ಆಮ್ಲಜನಕ ಕಡಿಮೆ ಅಂತ ಸುಮ್ನೆ ಹೇಳಿಬಿಡ್ತೀವಿ, ಆದರೆ ಗಾಳಿಯಲ್ಲಿ ಅದರ ಪಾಲು ಎಲ್ಲ ಕಡೆಯೂ ಶೇಕಡಾ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲಾ ಪಾಸ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ಎದೆ ತುಂಬ ಉಸಿರೆಳೆದುಕೊಂಡರೂ ಒಳಗೆ ಬರುವ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ಇಳಿದಿರುತ್ತೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಹಾಕಿಕೊಳ್ಳುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? ಈ ಎತ್ತರಕ್ಕೆ ಹೊಸದಾಗಿ ಬಂದ ಆರೋಗ್ಯವಂತನ ಬೆರಳಿಗೆ ಅದನ್ನು ಸಿಕ್ಕಿಸಿದರೆ, ನಾವು ಆಗ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಿದ್ದ ಅಂಕಿ, ಅಂದರೆ 90ರ ಆಸುಪಾಸು, ಸುಮ್ಮನೆ ಕೂತಾಗಲೇ ಕಾಣಿಸಬಹುದು.

ಆದರೂ ಒಂದು ಸಲ ಜೋರಾಗಿ ಓಡೋಕೆ ಏನೂ ತೊಂದರೆ ಇಲ್ಲ. ಐದಾರು ಸೆಕೆಂಡಿನ ಓಟಕ್ಕೆ ಬೇಕಾದ ಶಕ್ತಿಯನ್ನು ಸ್ನಾಯು ಮೊದಲೇ ಫಾಸ್ಫೋಕ್ರಿಯಾಟಿನ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತೆ, ಆ ಕ್ಷಣಕ್ಕೆ ಆಮ್ಲಜನಕವನ್ನು ಕಾಯಬೇಕಾಗಿಲ್ಲ. ತಾರಸಿ ಮೇಲಿನ ನೀರಿನ ಟ್ಯಾಂಕು ನೆನೆಸಿಕೊಳ್ಳಿ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು ಎಂದಿನಂತೆ ಜೋರಾಗಿಯೇ ಬರುತ್ತೆ. ಕಷ್ಟ ಇರುವುದು ಮತ್ತೆ ತುಂಬುವುದರಲ್ಲಿ. ತುಂಬೋ ಪೈಪಿನಲ್ಲಿ ಬರುವುದು ಆಮ್ಲಜನಕ, ಎತ್ತರದಲ್ಲಿ ಆ ಪೈಪೇ ಸಣ್ಣ. ಫುಟ್‌ಬಾಲ್ ಅಂದ್ರೆ ಓಡು, ನಡಿ, ಮತ್ತೆ ಓಡು ಅಲ್ವಾ? ಹಾಗಾಗಿ ಅರವತ್ತನೇ ನಿಮಿಷದ ಹೊತ್ತಿಗೆ ಕೆಳಗಿನ ಊರಿನ ಡಿಫೆಂಡರ್ ಚೆಂಡು ಎಲ್ಲಿಗೆ ಬರುತ್ತೆ ಅಂತ ಸರಿಯಾಗಿಯೇ ಊಹಿಸಿರುತ್ತಾನೆ, ಆದರೆ ಕಾಲು ಅಲ್ಲಿಗೆ ಹೋಗುವುದಿಲ್ಲ.

ಮುಂಚೆ ಬಂದು ಒಗ್ಗಿಕೊಳ್ಳಬಾರದಾ ಅಂತ ನೀವು ಕೇಳಬಹುದು. ಒಗ್ಗಿಕೊಳ್ಳೋದು ನಿಧಾನದ ಕೆಲಸ. ಮೊದಲು ಉಸಿರಾಟ ಜಾಸ್ತಿಯಾಗುತ್ತೆ, ಅದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ರಕ್ತ ಕ್ಷಾರದ ಕಡೆಗೆ ವಾಲುತ್ತೆ, ಅದನ್ನು ಸರಿಮಾಡೋಕೆ ಮೂತ್ರಪಿಂಡಗಳು ಬೈಕಾರ್ಬನೇಟನ್ನು ಹೊರಹಾಕಬೇಕು. ಇದಕ್ಕೇ ಕೆಲವು ದಿನ ಬೇಕು. ಹೊಸ ಕೆಂಪು ರಕ್ತಕಣ ತಯಾರಾಗಿ ಲೆಕ್ಕಕ್ಕೆ ಸಿಗೋಕೆ ವಾರಗಳೇ ಹಿಡಿಯುತ್ತವೆ. ಆಸ್ಟ್ರೇಲಿಯಾದ 17 ವರ್ಷದೊಳಗಿನ ಆಟಗಾರರನ್ನು ಲಾ ಪಾಸ್‌ಗೆ ಕರೆದೊಯ್ದು ಅಳತೆ ಮಾಡಿದ ಒಂದು ಅಧ್ಯಯನ ಇದೆ. 13 ದಿನ ಅಲ್ಲೇ ಇದ್ದರೂ ಪಂದ್ಯದಲ್ಲಿ ಅವರು ಓಡುವ ದೂರ ಮೊದಲಿನ ಮಟ್ಟಕ್ಕೆ ಬರಲಿಲ್ಲ. ಲೀಗ್ ಆಡುವವರಿಗೆ 13 ದಿನ ರಜೆ ಕೊಡೋರು ಯಾರು?

ಅದಕ್ಕೇ ಕೆಳಗಿನ ತಂಡಗಳು ಹಿಡಿದಿರುವ ದಾರಿ ತಮಾಷೆಯಾಗಿದೆ: ಆದಷ್ಟು ತಡವಾಗಿ ಬಾ, ಆಡು, ಓಡಿಹೋಗು. ತಲೆನೋವು, ವಾಕರಿಕೆ ಸಾಮಾನ್ಯವಾಗಿ ಶುರುವಾಗುವುದು ಆರರಿಂದ ಹನ್ನೆರಡು ಗಂಟೆಯ ನಂತರ, ಅಷ್ಟರೊಳಗೆ ಪಂದ್ಯ ಮುಗಿಸಿಬಿಟ್ಟರಾಯ್ತು. ಆಯಾಸ ತಪ್ಪುವುದಿಲ್ಲ, ವಾಂತಿಯಾದರೂ ತಪ್ಪುತ್ತೆ.

ದೇಹದ ಕಥೆ ಹೀಗಾದರೆ ಚೆಂಡಿನದ್ದು ಇನ್ನೊಂದು. 1996ರಲ್ಲಿ ಅರ್ಜೆಂಟೀನಾ ತಂಡ ಈಕ್ವೆಡಾರ್‌ನ ಕೀಟೊದಲ್ಲಿ ಸೋತಾಗ ಕೋಚ್ ಡೇನಿಯಲ್ ಪಸರೆಲ್ಲಾ, ಎತ್ತರದಲ್ಲಿ ಚೆಂಡು ತಿರುಗೋದಿಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಹಾಗೆ ಜನ ನಕ್ಕರು. ಭೌತಶಾಸ್ತ್ರ ಮಾತ್ರ ಅವರ ಪರವಾಗಿಯೇ ಇದೆ. ಲಾ ಪಾಸ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡಾ 30ರಷ್ಟು ಕಡಿಮೆ. ಚೆಂಡನ್ನು ತಡೆಯೋದೂ ಗಾಳಿಯೇ, ಸುತ್ತುತ್ತಾ ಹೋಗುವ ಚೆಂಡನ್ನು ಪಕ್ಕಕ್ಕೆ ಬಾಗಿಸೋದೂ ಅದೇ ಗಾಳಿ. ಎರಡೂ ಕಡಿಮೆಯಾದಾಗ ಫ್ರೀ ಕಿಕ್ ಜಾಸ್ತಿ ವೇಗದಲ್ಲಿ, ಜಾಸ್ತಿ ನೇರವಾಗಿ ಬರುತ್ತೆ. ಅಲ್ಲಿ ಬೆಳೆದ ಹುಡುಗನಿಗೆ ದೂರದಿಂದಲೇ ಗೋಲಿಗೆ ಒದೆಯೋದು ದುರಾಸೆಯಲ್ಲ, ಲೆಕ್ಕಾಚಾರ.

ಎತ್ತರದ ಪ್ರಭಾವ ಎಷ್ಟು ಅಂತ ಪ್ಯಾಟ್ರಿಕ್ ಮೆಕ್‌ಶಾರ್ರಿ ಎಂಬ ವಿಜ್ಞಾನಿ 2007ರಲ್ಲಿ ದಕ್ಷಿಣ ಅಮೆರಿಕದ 1,460 ಅಂತರರಾಷ್ಟ್ರೀಯ ಪಂದ್ಯಗಳನ್ನು ಜಾಲಾಡಿ ನೋಡಿದರು. ಎರಡು ತಂಡಗಳ ಊರು ಒಂದೇ ಎತ್ತರದಲ್ಲಿದ್ದರೆ ತವರಿನವರು ಗೆಲ್ಲುವ ಸಾಧ್ಯತೆ ಶೇಕಡಾ 54ರಷ್ಟು. ಬೊಲಿವಿಯಾ ತನ್ನ ನೆಲದಲ್ಲಿ ಬ್ರೆಜಿಲ್ ಜೊತೆ ಆಡುವಾಗಿನ 3,695 ಮೀಟರ್ ವ್ಯತ್ಯಾಸಕ್ಕೆ ಅದು 82ಕ್ಕೂ ಮೇಲೆ ಹೋಗುತ್ತೆ. ಅದೇ ವರ್ಷ ಫೀಫಾ 2,500 ಮೀಟರಿಗಿಂತ ಮೇಲೆ ಅಂತರರಾಷ್ಟ್ರೀಯ ಪಂದ್ಯ ಬೇಡ ಅಂದಿತ್ತು. ಅದನ್ನು ವಿರೋಧಿಸಿ 2008ರಲ್ಲಿ ಲಾ ಪಾಸ್‌ಗೆ ಬಂದು ಆಡಿ ತೋರಿಸಿದವರು ಮರಡೋನಾ. ಮರುವರ್ಷ ಅವರೇ ಕೋಚ್ ಆಗಿ ಬಂದಾಗ ಅರ್ಜೆಂಟೀನಾ ಅದೇ ಊರಲ್ಲಿ 6-1ರಿಂದ ಸೋತಿತು!

ಹಾಗಾದರೆ ಬೊಲಿವಿಯಾ ಲೀಗಿನಲ್ಲಿ ಪ್ರತಿ ವರ್ಷ ಅತಿ ಎತ್ತರದ ತಂಡವೇ ಗೆಲ್ಲಬೇಕಿತ್ತಲ್ವಾ? ನನಗೆ ಈ ಇಡೀ ವಿಷಯದಲ್ಲಿ ಇಷ್ಟವಾದದ್ದು ಇಲ್ಲೇ. 2021ರ ಸೀಸನ್ ನೋಡಿ. 16 ತಂಡ, ಪ್ರತಿಯೊಬ್ಬರಿಗೂ 30 ಪಂದ್ಯ. ಗೆದ್ದದ್ದು ಸುಕ್ರೆಯ ಇಂಡಿಪೆಂಡಿಯೆಂಟೆ ಪೆಟ್ರೊಲೆರೊ. ಆ ವರ್ಷವಷ್ಟೇ ಬಡ್ತಿ ಪಡೆದು ಮೇಲಿನ ದರ್ಜೆಗೆ ಬಂದಿದ್ದ, ನಡುಮನೆಯ ತಂಡ. ಅದಕ್ಕೆ ಅದು ಮೊದಲ ಪ್ರಶಸ್ತಿ. 2024ರ ಅಪೆರ್ತುರಾ, ಅಂದರೆ ವರ್ಷದ ಮೊದಲ ಟೂರ್ನಿ, ಇನ್ನೂ ಮಜವಾಗಿತ್ತು. ಅದನ್ನು ಗೆದ್ದ ಸಾನ್ ಆಂಟೋನಿಯೊ ಬುಲೊ ಬುಲೊ ಕೂಡ ಹೊಸಬರೇ, ಅದೂ ಪರ್ವತದ ಬುಡದ ಉಷ್ಣ ಕಾಡಿನ ಸೀಮೆಯಿಂದ ಬಂದವರು. ಹಾಗಂತ ನಡುವಿನ ಎತ್ತರವೇ ಒಳ್ಳೇದು, ಕೆಳಗಿನದೇ ಒಳ್ಳೇದು ಅಂತೆಲ್ಲ ಹೊರಟರೆ ತಪ್ಪಾಗುತ್ತೆ, ಬೊಲಿವಾರ್ ಮತ್ತು ದಿ ಸ್ಟ್ರಾಂಗೆಸ್ಟ್ ಗೆದ್ದ ಪ್ರಶಸ್ತಿಗಳೇನೂ ಕಡಿಮೆಯಿಲ್ಲ.

ನನ್ನ ಊಹೆ ಸರಳ. ಒಂದೇ ಪಂದ್ಯದಲ್ಲಿ ಎತ್ತರ ದೊಡ್ಡ ಲಾಭ. ಲೀಗಿನಲ್ಲಿ ತವರಿನಲ್ಲಿ 15 ಆಡಿದರೆ ಹೊರಗೂ 15 ಆಡಲೇಬೇಕು. ಪೊಟೊಸಿಯವರು ಮನೆಯಲ್ಲಿ ಕೂಡಿಟ್ಟ ಅಂಕವನ್ನು ಸಾಂತಾ ಕ್ರೂಸ್‌ನ ಸೆಕೆಯಲ್ಲಿ ಕಳೆದುಕೊಂಡು ಬರ್ತಾರೆ. ಅಲ್ಲಿ ಉಸಿರಿಗೇನೂ ಕೊರತೆಯಿಲ್ಲ, ಆದರೆ ಬೆವರು ಒಣಗುವುದಿಲ್ಲ, ಮೈ ಬಿಸಿ ಇಳಿಯುವುದಿಲ್ಲ. ಜೊತೆಗೆ ದಪ್ಪ ಗಾಳಿ. ಪೊಟೊಸಿಯಲ್ಲಿ ಅರ್ಧ ಮೈದಾನ ದಾಟಿ ನೇರ ಸ್ಟ್ರೈಕರ್ ಹತ್ತಿರ ಹೋಗಿ ಬೀಳುತ್ತಿದ್ದ ಗೋಲ್‌ಕೀಪರ್ ಒದೆತ ಇಲ್ಲಿ ಕೆಲವು ಹೆಜ್ಜೆ ಹಿಂದೆಯೇ ಬೀಳುತ್ತೆ, ಅಲ್ಲಿ ನಿಂತಿರುವುದು ಎದುರಾಳಿ.